ಕರೆಂಟ್ ಹೋಯ್ತು ಕಣೇ

ಡಿಸೆಂಬರ್ 21ರಂದು ಬಾಸ್ಟನ್ ಕಡೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಊಟ ಮಾಡಿ ಸ್ವಲ್ಪ ಅಡ್ಡಾಗಿ ಎದ್ದವರಿಗೆ ನೇರವಾಗಿ ರಾತ್ರಿ. ಹಗಲು ಅಂತ ಸಿಗುವುದು ಬರೀ ಒಂಬತ್ತು ಗಂಟೆ ಚಿಲ್ಲರೆ. ಅವತ್ತು ಬೆಂಗಳೂರಿನಲ್ಲೂ ವರ್ಷದ ಅತಿ ಚಿಕ್ಕ ಹಗಲೇ. ಆದರೆ ಅಲ್ಲಿ ಹನ್ನೊಂದು ಗಂಟೆಗೂ ಜಾಸ್ತಿ ಬೆಳಕಿರುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಇಲ್ಲಿ ಗೊತ್ತಾಗದೆ ವಿಧಿಯಿಲ್ಲ. ಹಾಗಾಗಿ ನಮ್ಮ ಸಣ್ಣ ಊರಿನವರು ಅವತ್ತು ಸಂಜೆ ಚರ್ಚಿನ ಹಾಲ್‌ನಲ್ಲಿ ಸೇರುತ್ತಾರೆ. ಊರಿನವರೇ ಕಟ್ಟಿದ ಹಾಡು ಕೇಳುತ್ತಾರೆ. ಮನೆಯಿಂದ ತಂದ ಊಟ ಹಂಚಿಕೊಂಡು ತಿನ್ನುತ್ತಾರೆ.

1659ರಲ್ಲಿ ಇದೇ ಸೀಮೆಯ ಪ್ಯೂರಿಟನ್ನರು, ಅಂದರೆ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರು, ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಅಂತ ಕಾನೂನು ಮಾಡಿದ್ದರು. 1681ರಲ್ಲಿ ಅದನ್ನು ತೆಗೆದರು. ಈಗ ಅವರ ಊರುಗಳಲ್ಲಿ ಕತ್ತಲಿಗೂ ಒಂದು ಹಬ್ಬ! ಇನ್ನು ಹಾಡಿನ ಹುಚ್ಚು. ಬಾಸ್ಟನ್ ಪಕ್ಕದ ಕೇಂಬ್ರಿಡ್ಜ್‌ನಲ್ಲಿ 1958ರಲ್ಲಿ ಜಾಝ್‌ಗೆ ಅಂತ ತೆರೆದ ಕ್ಲಬ್ 47 ಸ್ವಲ್ಪ ಕಾಲದಲ್ಲೇ ಫೋಕ್ ಹಾಡುಗಾರರ ಅಡ್ಡೆಯಾಯಿತು. ಆಮೇಲೆ ಹೆಸರಾಂತ ಫೋಕ್ ಗಾಯಕಿಯಾದ ಜೋನ್ ಬಾಯೆಜ್ ಹದಿಹರೆಯದಲ್ಲಿ ಹಾಡಿದ್ದು ಅಲ್ಲೇ. ಆಮೇಲೆ ಈ ಕಡೆ ಮನೆಗೊಂದು ಗಿಟಾರ್, ಗಿಟಾರಿಗೊಂದು ದುಃಖ.

ಈ ಸಲ ಅರಸೀಕೆರೆಯಿಂದ ಅಮ್ಮ ಬಂದಿದ್ದಳು. ಟಿಕೆಟ್ ಅಗ್ಗ ಅಂತ ಚಳಿಗಾಲಕ್ಕೇ ಕರೆಸಿಕೊಂಡಿದ್ದು ನನ್ನ ತಮ್ಮನ ಐಡಿಯಾ. ಅವನು ಮಾತ್ರ ಬೆಂಗಳೂರಿನಲ್ಲಿ ಬೆಚ್ಚಗಿದ್ದಾನೆ.

"ಇವತ್ತಿಂದ ಹಗಲು ದೊಡ್ಡದಾಗುತ್ತಮ್ಮ, ಅದಕ್ಕೇ ಕಾರ್ಯಕ್ರಮ" ಅಂದೆ.

"ಅದು ಸಂಕ್ರಾಂತಿಗೆ ಅಲ್ವೇನೇ?"

ಭೂಮಿಯ ಅಕ್ಷ ನಿಧಾನವಾಗಿ ಓಲಾಡುತ್ತದೆ, ಸುಮಾರು ಎಪ್ಪತ್ತೆರಡು ವರ್ಷಕ್ಕೆ ಒಂದು ಡಿಗ್ರಿ, ಅದಕ್ಕೇ ಒಂದು ಕಾಲಕ್ಕೆ ಕೂಡಿ ಬರುತ್ತಿದ್ದ ಇವೆರಡೂ ಈಗ ಮೂರು ವಾರಕ್ಕಿಂತ ದೂರ ಹೋಗಿವೆ ಅಂತ ವಿವರಿಸಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. "ಪಂಚಾಂಗ ಬರೆಯೋರಿಗೆ ಗೊತ್ತಿರುತ್ತೆ, ನೀನು ಸುಮ್ನೆ ಗಾಡಿ ಓಡಿಸು" ಅಂದಳು.

ನಮ್ಮ ಪಾಲಿನ ಅಡುಗೆ ಪುಳಿಯೋಗರೆ. ಇಲ್ಲಿ ಪಾತ್ರೆಯ ಮುಂದೆ ಅದರಲ್ಲಿ ಏನೇನಿದೆ ಅಂತ ಚೀಟಿ ಇಡಬೇಕು. ಕಡಲೆಕಾಯಿ ಬೀಜ ಅಂತ ದಪ್ಪಕ್ಷರದಲ್ಲಿ ಬರೆದಿಟ್ಟೆವು. ಅಕ್ಕಪಕ್ಕದಲ್ಲಿ ಆರು ಸ್ಲೋ ಕುಕ್ಕರ್‌ಗಳು ಗೋಡೆಯ ಪ್ಲಗ್ಗಿಗೆ ಬಾಲ ಸಿಕ್ಕಿಸಿಕೊಂಡು ಸಾಲಾಗಿ ಕೂತಿದ್ದವು. ಎಲ್ಲದರಲ್ಲೂ ಹುರುಳಿಯ ಹಾಗೆ ಕಾಣುವ, ಹುರುಳಿಯಲ್ಲದ ಏನೋ ಒಂದು.

ಮೊದಲು ಹಾಡಿದ್ದು ಸ್ಕೂಲ್ ಬಸ್ಸಿನ ಡ್ರೈವರ್. ಅಂದರೆ, ಹಾಡುವುದಕ್ಕೆ ಕೂತರು. ಹಿಮದಲ್ಲಿ ನಿಂತ ಕಾರಿನ ಡಿಕ್ಕಿಯಿಂದ ಗಿಟಾರನ್ನು ಬೆಚ್ಚಗಿನ ಹಾಲ್‌ಗೆ ತಂದರೆ ತಂತಿಗಳು ಹಿಗ್ಗಿ ಶ್ರುತಿ ಇಳಿಯುತ್ತದೆ. ಸರಿ ಮಾಡಿದರೆ ಮತ್ತೆ ಇಳಿಯುತ್ತದೆ. ಅಷ್ಟು ಹೊತ್ತೂ ಅವರು ಹಾಡಿನ ಹಿನ್ನೆಲೆ ಹೇಳುತ್ತಿದ್ದರು. ಹಾಡು ಮೂರು ನಿಮಿಷ, ಪೀಠಿಕೆ ಹತ್ತು ನಿಮಿಷ.

"ಏನಂತೆ?" ಅಂತ ಅಮ್ಮ ಕೇಳಿದಳು.

"ನಾಯಿ ಸತ್ತುಹೋಯ್ತಂತೆ."

ಎರಡನೆಯವರು ಹಲ್ಲಿನ ಡಾಕ್ಟರು. "ಇವರಿಗೆ?"

"ಅಪ್ಪನ ತೋಟ ಮಾರಿದರಂತೆ."

"ಪಾಪ. ಎಷ್ಟಕ್ಕೆ?"

ಮೂರನೆಯವನು ಊರಿನ ಎಲೆಕ್ಟ್ರಿಷಿಯನ್. ಅವನ ಹೆಂಡತಿ ಬಿಟ್ಟುಹೋಗಿದ್ದಳು. ಹಾಡು ಅದರ ಮೇಲೆ. ಎಲ್ಲರೂ ಜೊತೆಗೆ ಹಾಡಬೇಕು ಅಂತ ಕೇಳಿಕೊಂಡ. ಈ ಊರಿನವರು ಜೊತೆಗೆ ಹಾಡುವುದು ಅಂದರೆ ತಮ್ಮ ಬೂಟು ನೋಡಿಕೊಂಡು ತುಟಿ ಅಲ್ಲಾಡಿಸುವುದು. ಅವನು ಕಣ್ಣು ಮುಚ್ಚಿಕೊಂಡು ಶುರು ಮಾಡಿದ. ಅದೇ ಹೊತ್ತಿಗೆ, ಬ್ರೇಕ್‌ಗೆ ರೆಡಿ ಇರಲಿ ಅಂತ ಅಡುಗೆಮನೆಯಲ್ಲಿ ಯಾರೋ ಪುಣ್ಯಾತ್ಮರು ಕಾಫಿಯ ದೊಡ್ಡ ಬಾಯ್ಲರ್ ಹಾಕಿದರು. ಒಂದೂವರೆ ಸಾವಿರ ವ್ಯಾಟ್‌ನದು. ಹಳೇ ಕಟ್ಟಡ, ಅಡುಗೆಮನೆಯ ಪ್ಲಗ್ಗಿಗೂ ಹಾಲ್‌ನ ದೀಪಕ್ಕೂ ಒಂದೇ ಲೈನು. ಇಲ್ಲಿಯ 120 ವೋಲ್ಟ್‌ನಲ್ಲಿ 20 ಆಂಪಿಯರ್‌ನ ಬ್ರೇಕರ್ ತಡೆದುಕೊಳ್ಳುವುದು 2400 ವ್ಯಾಟ್, ಜಾಸ್ತಿಯಾದರೆ ಕರೆಂಟ್ ಕಡಿಯುತ್ತದೆ. ಬಾಯ್ಲರ್ ಜೊತೆ ಆರು ಸ್ಲೋ ಕುಕ್ಕರ್ ಸೇರಿಸಿ ನೀವೇ ಲೆಕ್ಕ ಹಾಕಿ.

ಟಪ್. ದೀಪ ಹೋಯಿತು, ಮೈಕ್ ಸತ್ತಿತು, ಹಾಲ್ ಪೂರ್ತಿ ಕಗ್ಗತ್ತಲು.

ಒಬ್ಬರೂ ಅಲುಗಾಡಲಿಲ್ಲ. ವರ್ಷದ ಅತಿ ದೀರ್ಘ ರಾತ್ರಿ, ಬೇಕಂತಲೇ ಆರಿಸಿದ್ದಾರೆ, ಇದೇ ಕಾರ್ಯಕ್ರಮದ ತಿರುಳು ಅಂತ ಎಲ್ಲರೂ ಅಂದುಕೊಂಡರು. ಹಿಂದೆ ಒಬ್ಬ ಹೆಂಗಸು ಭಾವುಕಳಾಗಿ ಉಸಿರೆಳೆದುಕೊಂಡದ್ದು ಕೇಳಿಸಿತು. ಸಂಘಟಕರು ಕೂಡ, ಇದು ಇನ್ನೊಬ್ಬ ಸಂಘಟಕರ ಏರ್ಪಾಡಿರಬೇಕು ಅಂತ ಕೈಕಟ್ಟಿ ಕೂತಿದ್ದರಂತೆ.

"ಕರೆಂಟ್ ಹೋಯ್ತು ಕಣೇ" ಅಂದಳು ಅಮ್ಮ. ಅರಸೀಕೆರೆಯ ಲೋಡ್ ಶೆಡ್ಡಿಂಗ್‌ನಲ್ಲಿ ಮಕ್ಕಳನ್ನು ಸಾಕಿದವಳು. ದೀಪ ಆರಿಸಿದ್ದು ಯಾವುದು, ಹೋಗಿದ್ದು ಯಾವುದು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಿಷಯ ಗೊತ್ತಿಲ್ಲದ ಇನ್ನೊಬ್ಬನೆಂದರೆ ಎಲೆಕ್ಟ್ರಿಷಿಯನ್. ಕಣ್ಣು ಮುಚ್ಚಿತ್ತಲ್ಲ, ಹಾಡುತ್ತಲೇ ಇದ್ದ. ಮೈಕ್ ಇಲ್ಲದ ದನಿ ಅರ್ಧ ಹಾಲ್ ಮಾತ್ರ ದಾಟುತ್ತಿತ್ತು. ಅಮ್ಮನಿಗೆ ತಡೆಯಲಾಗಲಿಲ್ಲ. ಊರಿನ ಮದುವೆಗಳಲ್ಲಿ ಸೋಬಾನೆಗೆ ಸೊಲ್ಲು ಹಿಡಿದು ಅಭ್ಯಾಸ. ಒಬ್ಬರು ಹಾಡುವಾಗ ಮಿಕ್ಕವರು ಬಾಯಿ ಮುಚ್ಚಿಕೊಂಡಿರುವುದು ಅವಳ ಪ್ರಕಾರ ಮರ್ಯಾದೆಯಲ್ಲ. ಇಂಗ್ಲಿಷಿನ ಸಾಲು ಹೇಗೂ ಬರಲ್ಲ. ಪ್ರತಿ ಸಾಲಿನ ಕೊನೆಗೂ ಎತ್ತರದ ದನಿಯಲ್ಲಿ "ಸೋ... ಸೋಬಾನೇ" ಅಂತ ಎಳೆದಳು.

ಡೈವೋರ್ಸಿನ ಹಾಡಿಗೆ ಸೋಬಾನೆ! ನಾನು ಸೀರೆಯ ಸೆರಗು ಜಗ್ಗಿದೆ. ಸೆರಗಿನ ಮೇಲೆ ಸ್ವೆಟರ್, ಅದರ ಮೇಲೆ ಕೋಟು. ಜಗ್ಗಿದ್ದು ಅವಳಿಗೆ ತಾಗಲೇ ಇಲ್ಲ. ಎರಡನೇ ಚರಣಕ್ಕೆ ಪಕ್ಕದ ಸಾಲಿನವರೂ ಸೇರಿಕೊಂಡರು. ಮೂರನೆಯದಕ್ಕೆ ಇಡೀ ಹಾಲ್ ಸೋಬಾನೆ ಹಾಡುತ್ತಿತ್ತು. ಕತ್ತಲಲ್ಲಿ ಬೂಟು ಕಾಣಿಸದೆ ಇದ್ದದ್ದೂ ಒಂದು ಕಾರಣ ಇರಬಹುದು.

ಹಾಡು ಮುಗಿಸಿ ಅವನು ಕಣ್ಣು ಬಿಟ್ಟ. ಆಮೇಲಿನದು ಬೇಗ ಮುಗಿಯಿತು. ಬ್ರೇಕರ್ ಇದ್ದ ಕಪಾಟಿಗೆ ಬೀಗ. ಕೀಲಿಕೈ ಇಟ್ಟುಕೊಂಡವರು ಚಳಿಗೆ ಹೆದರಿ ಫ್ಲಾರಿಡಾಕ್ಕೆ ಹೋಗಿದ್ದರು. ಎಲೆಕ್ಟ್ರಿಷಿಯನ್ ತನ್ನ ವ್ಯಾನಿನಿಂದ ಸ್ಕ್ರೂಡ್ರೈವರ್ ತಂದು ಕಪಾಟಿನ ಬಾಗಿಲನ್ನೇ ಕಳಚಿಟ್ಟ. ದೀಪ ಬಂದಾಗ ಅವತ್ತಿನ ಅತಿ ದೊಡ್ಡ ಚಪ್ಪಾಳೆ. ಹಾಡಿಗೆ ಅದರಲ್ಲಿ ಅರ್ಧವೂ ಬಿದ್ದಿರಲಿಲ್ಲ. ಸ್ಲೋ ಕುಕ್ಕರ್‌ಗಳೆಲ್ಲ ತಣ್ಣಗಾಗಿದ್ದರಿಂದ ಜನ ಪುಳಿಯೋಗರೆಗೆ ಕ್ಯೂ ನಿಂತರು. ಅಮ್ಮ ಪಾತ್ರೆಯ ಹಿಂದೆ ನಿಂತು ಬಡಿಸಿದಳು. ಬೇಡ ಅಂದವರಿಗೂ ಬಡಿಸಿದಳು.

ಕೊನೆಗೆ ಹಾಡುಗಾರರಿಗಾಗಿ ಒಂದು ಟೋಪಿ ಸಾಲಿನಿಂದ ಸಾಲಿಗೆ ಬಂತು. ಅಮ್ಮ ಹತ್ತು ಡಾಲರ್ ಹಾಕಿದಳು. ಪರ್ಸಿನ ಮೂಲೆಯಿಂದ ಒಂದು ರೂಪಾಯಿ ನಾಣ್ಯ ಹುಡುಕಿ ಅದನ್ನೂ ಹಾಕಿದಳು. ಕೊಡುವಾಗ ಹನ್ನೊಂದು ಕೊಡಬೇಕಲ್ಲ. ದುಡ್ಡು ಎಣಿಸುವಾಗ ಎಲೆಕ್ಟ್ರಿಷಿಯನ್ ನಾಣ್ಯ ಹಿಡಿದುಕೊಂಡು ನಮ್ಮ ಹತ್ತಿರ ಬಂದ. ಇದರ ಬೆಲೆ ಎಷ್ಟು ಅಂತ ಕೇಳಿದ. ಒಂದು ಸೆಂಟ್‌ಗಿಂತ ಒಂಚೂರು ಜಾಸ್ತಿ ಅಂದೆ.

"ಇಂಟರ್ನೆಟ್ಟಿನಲ್ಲಿ ನನ್ನ ಹಾಡನ್ನು ಯಾರಾದರೂ ಒಂದು ಸಲ ಕೇಳಿದರೆ ಇಷ್ಟೂ ಬರಲ್ಲ" ಅಂದು ಅದನ್ನು ಶರ್ಟಿನ ಜೇಬಿಗೆ ಹಾಕಿಕೊಂಡ.

ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. "ಇನ್ನೊಂದು ರೂಪಾಯಿ ಇದ್ರೆ ಕೊಡಮ್ಮ, ಪಾಪ" ಅಂದೆ.

"ಇದೆ. ಕೊಡಲ್ಲ" ಅಂದಳು. "ಹನ್ನೆರಡಾಗುತ್ತೆ."