ಮೇಕೆಗೆ ಕೆಲಸ ಸಿಕ್ಕಿದೆ

ನಮ್ಮ ಕಡೆ ಮೇಕೆ ಹುಟ್ಟಿದರೆ ಅದರ ಜಾತಕ ಬರೆಯುವುದು ಬಹಳ ಸುಲಭ. ಹೆಣ್ಣಾದರೆ ಹಾಲು, ಮರಿ, ಗೊಬ್ಬರ. ಗಂಡಾದರೆ ಮಾರಮ್ಮನ ಹಬ್ಬ, ಇಲ್ಲವೇ ಭಾನುವಾರ. ಇದರಾಚೆ ಯಾವ ಮೇಕೆಯೂ ಯೋಚಿಸಿದ್ದಿಲ್ಲ. ಯೋಚಿಸುವಷ್ಟು ಸಮಯವನ್ನು ನಾವು ಕೊಟ್ಟಿದ್ದೂ ಇಲ್ಲ.

ಹಾಗಾಗಿ ಟೆಕ್ಸಸ್‌ನಲ್ಲಿರುವ ನನ್ನ ತಂಗಿ ಮಗಳು ಫೋನ್ ಮಾಡಿ, "ಮಾವ, ಒಂದು ಮೇಕೆ ತಂದ್ವಿ" ಅಂದಾಗ ನಾನು ಸಹಜವಾಗಿಯೇ ಕೇಳಿದೆ: "ಯಾವ ಹಬ್ಬನಮ್ಮ?"

"ಥೂ, ಹೋಗಿ ಮಾವ. ಅದು ಚಿನ್ನುಗೆ ಫ್ರೆಂಡು."

ಚಿನ್ನು ಅವಳ ಮಗಳಲ್ಲ. ಕುದುರೆ.

ಕುದುರೆ ಅಂದರೆ ನೀವು ಅಂದುಕೊಂಡ ಕುದುರೆಯೂ ಅಲ್ಲ. ಮಿನಿಯೇಚರ್ ಹಾರ್ಸ್. ಇದಕ್ಕೆಂದೇ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ ಎಂಬ ಸಂಘವಿದೆ. ಕತ್ತಿನ ಕೂದಲು ಮುಗಿಯುವ ಜಾಗದಿಂದ ನೆಲದವರೆಗೆ ಅಳತೆ ಹಿಡಿಯುತ್ತಾರೆ. 34 ಇಂಚು ದಾಟಿದರೆ ಸದಸ್ಯತ್ವ ಇಲ್ಲ. ನಮ್ಮ ಊಟದ ಮೇಜಿಗಿಂತ ನಾಲ್ಕು ಬೆರಳು ಎತ್ತರ, ಅಷ್ಟೇ. ದೊಡ್ಡವರು ಹತ್ತಿ ಕೂರುವಂತಿಲ್ಲ. ಕುದುರೆ ಕಂಡರೆ ಕಾಲುನೋವು ಅಂತ ಗಾದೆ ಇದೆಯಲ್ಲ, ಈ ಕುದುರೆಯನ್ನು ಕಂಡರೆ ಕಾಲುನೋವಿರುವವನೂ ಎದ್ದು ನಡೆದೇ ಹೋಗುತ್ತಾನೆ.

ಆಯ್ದು ಆಯ್ದು ತಳಿ ಮಾಡಿ ಕುದುರೆಯ ಎತ್ತರವನ್ನೇನೋ ಇಳಿಸಿದರು. ಅದರ ತಲೆಯೊಳಗಿನ ಹಿಂಡನ್ನು ಇಳಿಸಲು ಆಗಲಿಲ್ಲ. ಕುದುರೆ ಗುಂಪಿನಲ್ಲಿ ಬದುಕುವ ಪ್ರಾಣಿ. ಒಂದು ಮಲಗಿದಾಗ ಇನ್ನೊಂದು ಎದ್ದು ಕಾಯಬೇಕು. ಒಂಟಿಯಾಗಿ ಕಟ್ಟಿದರೆ ಬೇಲಿಯ ಮರ ಕಚ್ಚಿ ಗಾಳಿ ನುಂಗುತ್ತದೆ, ನಿಂತಲ್ಲೇ ಅತ್ತಿತ್ತ ತೂಗುತ್ತದೆ, ಲಾಯದೊಳಗೆ ಸುತ್ತು ಹಾಕುತ್ತಲೇ ಇರುತ್ತದೆ. (ಬೆಂಗಳೂರಿನ ಪಿಜಿಗಳಲ್ಲೂ ಇದೇ ಲಕ್ಷಣ ಕಂಡಿದ್ದೇನೆ. ಅವರಿಗೆ ಯಾರೂ ಮೇಕೆ ಕೊಡಿಸಲಿಲ್ಲ.)

"ಇನ್ನೊಂದು ಕುದುರೆ ತರಬಹುದಿತ್ತಲ್ಲ, ಪುಟ್ಟಿ?"

"ದುಡ್ಡು ಯಾರು ಕೊಡ್ತಾರೆ ಮಾವ? ಗೊರಸಿಗೊಬ್ಬ ಬರ್ತಾನೆ, ಹಲ್ಲಿಗೊಬ್ಬ ಬರ್ತಾನೆ. ಮೇಕೆ ಅಗ್ಗ. ಚಿನ್ನು ಬಿಟ್ಟ ಕಳೆ, ಮುಳ್ಳುಪೊದೆ ಎಲ್ಲಾ ಅದೇ ತಿನ್ನುತ್ತೆ."

ಆಡು ಮುಟ್ಟದ ಸೊಪ್ಪಿಲ್ಲ. ನಮ್ಮಲ್ಲಿ ಅದು ಗಾದೆ. ಅಲ್ಲಿ ಬಯೋಡೇಟಾದ ಮೊದಲ ಸಾಲು.

ಈ ಹುದ್ದೆ ಹೊಸದಲ್ಲ. ರೇಸ್ ಕುದುರೆಯ ಲಾಯದಲ್ಲಿ ಮೇಕೆ ಬಿಡುವ ರೂಢಿ ಹಳೆಯದು. ಯಾರನ್ನಾದರೂ ಕೆಣಕಿ ಸಿಟ್ಟಿಗೆಬ್ಬಿಸಿದರೆ ಅಮೆರಿಕದವರು ಅವನ ಮೇಕೆ ಹಿಡಿದುಕೊಂಡು ಹೋದೆ ಎನ್ನುತ್ತಾರೆ. ಆ ಮಾತು ಹುಟ್ಟಿದ್ದೇ ಲಾಯದಲ್ಲಂತೆ. ರೇಸಿನ ಹಿಂದಿನ ರಾತ್ರಿ ಎದುರಾಳಿಗಳು ಮೇಕೆ ಕದಿಯುತ್ತಿದ್ದರಂತೆ, ಬೆಳಗ್ಗೆ ಕುದುರೆ ತಲೆಕೆಟ್ಟು ಸೋಲುತ್ತಿತ್ತಂತೆ. ಇದಕ್ಕೆ ಸಾಕ್ಷಿ ಇಲ್ಲ ಅಂತ ಭಾಷೆ ಬಲ್ಲವರು ಹೇಳುತ್ತಾರೆ. ಕತೆ ಚೆನ್ನಾಗಿದೆ, ಇರಲಿ ಬಿಡಿ.

ಆದರೆ ಇನ್ನೊಂದು ಕತೆಗೆ ಸಾಕ್ಷಿ ಇದೆ. 1936ರಲ್ಲಿ ಟಾಮ್ ಸ್ಮಿತ್ ಎಂಬ ತರಬೇತುದಾರನ ಕೈಗೆ ಸೀಬಿಸ್ಕಟ್ ಎಂಬ ಮುಂಗೋಪಿ ಕುದುರೆ ಬಂತು. ಲಾಯದಲ್ಲಿ ಸುತ್ತಿ ಸುತ್ತಿ ಸಣ್ಣಗಾಗಿತ್ತು. ಸಮಾಧಾನಕ್ಕೆಂದು ವಿಸ್ಕರ್ಸ್ ಎಂಬ ಮೇಕೆಯನ್ನು ಒಳಗೆ ಬಿಟ್ಟರು. ಸೀಬಿಸ್ಕಟ್ ಅದನ್ನು ಹಲ್ಲಲ್ಲಿ ಕಚ್ಚಿ, ಅಲ್ಲಾಡಿಸಿ, ಬಾಗಿಲಾಚೆ ಎಸೆಯಿತು. ಸಂದರ್ಶನ ಮುಗಿಯಿತು. ಆಮೇಲೆ ಪಂಪ್ಕಿನ್ ಎಂಬ ಇನ್ನೊಂದು ಕುದುರೆ ತಂದರು. ಜೊತೆಗೊಂದು ನಾಯಿ, ಒಂದು ಕೋತಿಯೂ ಸೇರಿಕೊಂಡವು. ಸೀಬಿಸ್ಕಟ್ ಶಾಂತವಾಯಿತು. 1938ರಲ್ಲಿ ವಾರ್ ಅಡ್ಮಿರಲ್ ಎಂಬ ಹೆಸರಾಂತ ಕುದುರೆಯನ್ನು ಸೋಲಿಸಿತು. ಕುದುರೆಯ ಅಭಿಪ್ರಾಯವನ್ನು ಮನುಷ್ಯರು ಕೇಳಿಸಿಕೊಂಡ ಅಪರೂಪದ ಪ್ರಕರಣ.

ನಮ್ಮ ಚಿನ್ನು ಯಾರನ್ನೂ ಎಸೆಯಲಿಲ್ಲ. ಬದಲಿಗೆ ಮೇಕೆಯೇ ಚಿನ್ನುವಿನ ಬೆನ್ನ ಮೇಲೆ ಹತ್ತಿ ನಿಂತಿತು. ಬೇಜಾರಾದಾಗ ಅದರ ಬಾಲ ಮೇಯ್ದಿತು. ಮೇಕೆಯ ಹೆಸರು ಗುಂಡ. ಬೀಜ ತೆಗೆಸಿದ ಹೋತ. ಈ ಕೆಲಸಕ್ಕೆ ಅಂಥದ್ದೇ ಒಳ್ಳೆಯದು, ನಾರುವುದಿಲ್ಲ, ಗುದ್ದುವುದು ಕಮ್ಮಿ.

ಒಂದು ವಾರವಾಯಿತು. ಗುಂಡ ರಾತ್ರಿಯೆಲ್ಲ ಅರಚತೊಡಗಿತು. ಡಾಕ್ಟರು ಬಂದು ನೋಡಿದರು. ಫೀಸು ತೆಗೆದುಕೊಂಡು ಹೇಳಿದ್ದು ಇಷ್ಟು: ಮೇಕೆಯೂ ಹಿಂಡಿನ ಪ್ರಾಣಿ. ಅದಕ್ಕೆ ಇನ್ನೊಂದು ಮೇಕೆ ಬೇಕು.

ಸನ್ಯಾಸಿಯ ಕೌಪೀನದ ಕತೆ ಗೊತ್ತಲ್ಲ. ಕೌಪೀನವನ್ನು ಇಲಿ ಕಡಿಯಿತು ಅಂತ ಬೆಕ್ಕು, ಬೆಕ್ಕಿಗೆ ಹಾಲು ಬೇಕು ಅಂತ ಹಸು, ಹಸು ನೋಡಿಕೊಳ್ಳಲು ಹೆಂಡತಿ. ನನ್ನ ತಂಗಿ ಮಗಳು ಕುದುರೆಯಿಂದ ಶುರು ಮಾಡಿದ್ದಳು, ಅಷ್ಟೇ ವ್ಯತ್ಯಾಸ. ಎರಡನೇ ಮೇಕೆ ಬಂತು. ಎರಡು ಮೇಕೆ ತೂರಿ ಹೋಗದ ಹಾಗೆ ಹೊಸ ತಂತಿಬೇಲಿ ಬಂತು. ತಿಂಡಿಗೆ ಬೇರೆ ಬೇರೆ ಬೀಗ ಬಂತು. ಯಾಕೆಂದರೆ ಕೆಲವು ಮೇಕೆ ಫೀಡಿನಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಮೇಕೆಗೆ ಅದು ಒಳ್ಳೆಯದು, ಕುದುರೆಯ ಹೃದಯಕ್ಕೆ ವಿಷ. ಅಂದರೆ ಜೊತೆಗಿರಲೆಂದು ತಂದ ಗೆಳೆಯರು ಜೊತೆಗೆ ಕೂತು ಉಣ್ಣುವಂತಿಲ್ಲ. ಪಂಕ್ತಿಭೇದ ಅಮೆರಿಕಕ್ಕೂ ಹೋಗಿದೆ.

ಬೆಳಗಾವಿ ಕಡೆ ಕುರಿಗಾಹಿಗಳು ಸಂಸಾರದ ಗಂಟುಮೂಟೆಯನ್ನು ಕುದುರೆ ಮೇಲೆ ಹೇರಿಕೊಂಡು ಹೋಗುವುದನ್ನು ನೋಡಿ. ಸುತ್ತ ಕುರಿ, ನಡುವೆ ನಾಲ್ಕು ಮೇಕೆ, ಹಿಂದೆ ನಾಯಿ. ಆ ಕುದುರೆಗೆ ಒಂಟಿತನ ಇದೆಯಾ ಅಂತ ಕೇಳಿದರೆ ಅಜ್ಜ ಕಂಬಳಿ ಸರಿಮಾಡಿಕೊಂಡು ನಿಮ್ಮನ್ನೇ ಒಂದು ಥರಾ ನೋಡುತ್ತಾನೆ.

ಇದೆಲ್ಲ ಮನೆ ಮಟ್ಟದ ಪೇಚಾಟ. ನಿಜವಾದ ತಮಾಷೆ ಇರುವುದು ಸರ್ಕಾರಿ ಕಡತಗಳಲ್ಲಿ.

ಸ್ವಿಟ್ಜರ್ಲೆಂಡ್ ತೆಗೆದುಕೊಳ್ಳಿ. 2008ರ ಸೆಪ್ಟೆಂಬರ್‌ನಿಂದ ಅಲ್ಲಿ ಹೊಸ ಪ್ರಾಣಿ ರಕ್ಷಣಾ ನಿಯಮ ಬಂತು. ಗಿನಿ ಪಿಗ್ ಕೂಡ ಒಂಟಿಯಾಗಿರಬಾರದು. ಕುದುರೆಗಂತೂ ತನ್ನ ಕುಲದ ಇನ್ನೊಂದು ಪ್ರಾಣಿ ಕಣ್ಣಿಗೆ ಕಾಣಬೇಕು, ಅದರ ಸದ್ದು ಕಿವಿಗೆ ಬೀಳಬೇಕು, ವಾಸನೆ ಮೂಗಿಗೆ ಬಡಿಯಬೇಕು. ಕುಲ ಅಂದರೆ ಕುದುರೆ, ಪೋನಿ, ಕತ್ತೆ, ಹೇಸರಗತ್ತೆ. ಕತ್ತೆ ನಡೆಯುತ್ತದೆ. ಮೇಕೆ ನಡೆಯುವುದಿಲ್ಲ. ಹತ್ತು ವರ್ಷ ಒಂದೇ ಕೊಟ್ಟಿಗೆಯಲ್ಲಿ ಮೈಗೆ ಮೈ ತಾಗಿಸಿ ಮಲಗಿದ್ದರೂ ಕಾನೂನಿನ ಕಣ್ಣಿಗೆ ಆ ಕುದುರೆ ಒಂಟಿಯೇ. ಸ್ವಜಾತಿಯ ವಧುವೇ ಬೇಕು ಅಂತ ನಮ್ಮ ಪೇಪರುಗಳಲ್ಲಿ ಜಾಹೀರಾತು ಬಂದರೆ ನಾವು ಹಿಂದುಳಿದವರು. ಲಾಯಕ್ಕೆ ಅದೇ ಷರತ್ತು ಹಾಕಿದರೆ ಮುಂದುವರಿದವರು.

ಅಮೆರಿಕದಲ್ಲಿ ಚಿನ್ನುವಿಗೆ ಅದೃಷ್ಟ ಖುಲಾಯಿಸಿದೆ. 2011ರಿಂದ ಜಾರಿಯಲ್ಲಿರುವ ಅಂಗವಿಕಲರ ಕಾನೂನಿನ ನಿಯಮದ ಪ್ರಕಾರ, ತರಬೇತಿ ಪಡೆದ ಮಿನಿ ಕುದುರೆ ತನ್ನ ಯಜಮಾನರ ಜೊತೆ ಅಂಗಡಿ, ಹೋಟೆಲಿಗೆ ಹೋಗಬಹುದು. 24ರಿಂದ 34 ಇಂಚು ಎತ್ತರ, 70ರಿಂದ 100 ಪೌಂಡ್ ತೂಕ ಅಂತ ಲೆಕ್ಕವೂ ಕೊಟ್ಟಿದ್ದಾರೆ. ಒಳಗೆ ಗಲೀಜು ಮಾಡಬಾರದು ಎನ್ನುವುದು ಒಂದು ಷರತ್ತು. ದಾರಿ ತೋರಿಸುವ ಕುದುರೆಯಿಂದ ಕಣ್ಣು ಕಾಣದವರಿಗೆ ನಿಜವಾಗಿ ಉಪಕಾರ ಆಗುತ್ತದೆ, ಅದರ ಬಗ್ಗೆ ನನಗೆ ನಗು ಇಲ್ಲ. ನಾನು ಕೇಳುವುದು ಗುಂಡನ ಪರವಾಗಿ. ಕುದುರೆಗೆ ಸಹಾಯ ಮಾಡುವ ಮೇಕೆಯ ಗತಿ ಏನು? ಸಹಾಯಕನ ಸಹಾಯಕನಿಗೆ ಜಾಗ ಇಲ್ಲ. ಹೊರಗೆ ಪಾರ್ಕಿಂಗಿನಲ್ಲಿ ನಿಲ್ಲಬೇಕು, ಶಾಸಕರ ಡ್ರೈವರ್ ಥರ. ವಿಮಾನದ್ದು ಇನ್ನೊಂದು ಕತೆ. 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಸಾರಿಗೆ ಇಲಾಖೆ, ವಿಮಾನದ ಮಟ್ಟಿಗೆ ಸೇವಾಪ್ರಾಣಿ ಅಂದರೆ ನಾಯಿ ಮಾತ್ರ ಎಂದಿತು. ನೆಲದ ಮೇಲೆ ಸಹಾಯಕನಾಗಿದ್ದ ಕುದುರೆ ಮೋಡದ ಮಟ್ಟಕ್ಕೆ ಏರಿದ ಕೂಡಲೇ ಬರೀ ಕುದುರೆ.

ಇಷ್ಟಾದರೂ ಗುಂಡನಿಗೆ ಬೆಲೆ ಬರಲಿಲ್ಲ ಅಂದುಕೊಳ್ಳಬೇಡಿ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಆಸ್ತಿ ತೆರಿಗೆ ಮಾತ್ರ ಸಿಕ್ಕಾಪಟ್ಟೆ. ಆದರೆ ಜಮೀನು ಕೃಷಿಯಲ್ಲಿದ್ದರೆ ಪೇಟೆ ಬೆಲೆಯ ಮೇಲೆ ತೆರಿಗೆ ಹಾಕುವುದಿಲ್ಲ, ಹುಟ್ಟುವಳಿಯ ಲೆಕ್ಕದಲ್ಲಿ ಹಾಕುತ್ತಾರೆ. ಹಿಂದಿನ 7 ವರ್ಷಗಳಲ್ಲಿ 5 ವರ್ಷ ಕೃಷಿ ನಡೆದಿರಬೇಕು. ಇವರು ಕೊಂಡ ಜಮೀನಿಗೆ ಹಳೇ ಯಜಮಾನನ ಕಾಲದಿಂದ ಆ ರಿಯಾಯಿತಿ ಇತ್ತು. ಖುಷಿಗೆ ಸಾಕಿದ ಕುದುರೆ ಸಾಮಾನ್ಯವಾಗಿ ಕೃಷಿ ಅಲ್ಲ. ಮೇಕೆ ಕೃಷಿ!

ಪಕ್ಕದ ಜಮೀನಿನ ಮುದುಕ ಬೇಲಿ ಹತ್ತಿರ ಕರೆದು ಗುಟ್ಟು ಹೇಳಿದನಂತೆ. "ತೆರಿಗೆ ಆಫೀಸಿನವರು ಬಂದಾಗ ಫ್ರೆಂಡು ಗಿಂಡು ಅನ್ನಬೇಡಮ್ಮ. ಜಾನುವಾರು ಅನ್ನು. ಮರಿ ಮಾರಿದ ರಸೀದಿ ಇಟ್ಟುಕೋ."

ಇಷ್ಟು ಎಕರೆಗೆ ಇಷ್ಟು ತಲೆ ಅಂತ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಲೆಕ್ಕ ಬೇರೆ ಇದೆ. ಗುಂಡನ ಹಿಂದೆ ಹೆಣ್ಣುಮೇಕೆಗಳು ಬಂದವು, ಒಂದು ಹೋತವೂ ಬಂತು. ಈಗ ಒಟ್ಟು ಹನ್ನೊಂದು. ಮರಿಗಳು ಸಂತೆಗೆ ಹೋಗುತ್ತವೆ. ಯಾವ ಹಬ್ಬ ಎಂಬ ನನ್ನ ಪ್ರಶ್ನೆ ಅಷ್ಟೇನೂ ತಪ್ಪಿರಲಿಲ್ಲ ಅಲ್ವಾ? ಕಡತದ ಪ್ರಕಾರ ಆ ಜಮೀನಿನ ರೈತ ಗುಂಡ. ಚಿನ್ನು ಅವನ ಮನೆಯಲ್ಲಿ ಸುಮ್ನೆ ಬಿದ್ದಿರುವ ನೆಂಟ.

ಮೊನ್ನೆ ವಿಡಿಯೊ ಕಾಲ್‌ನಲ್ಲಿ ತೋರಿಸಿದಳು. ಹನ್ನೊಂದು ಮೇಕೆಗಳು ಒಂದರ ಮೇಲೊಂದು ಬಿದ್ದು ಮಲಗಿವೆ. ಚಿನ್ನು ಮೂಲೆಯಲ್ಲಿ ಒಂದೇ ನಿಂತು ಬೇಲಿಯ ಕಂಬ ಕಚ್ಚುತ್ತಿದೆ.

"ಅದಕ್ಕೇ ಮಾವ, ಇನ್ನೊಂದು ಮಿನಿ ಕುದುರೆ ನೋಡ್ತಾ ಇದ್ದೀವಿ."

"ಒಳ್ಳೇದಾಯ್ತು. ಹಾಗಾದ್ರೆ ಮೇಕೆಗಳನ್ನ ಕೊಟ್ಟುಬಿಡ್ತೀರಾ?"

"ಅಯ್ಯೋ, ಅದು ಹೇಗಾಗುತ್ತೆ ಮಾವ? ಜನವರಿಯಲ್ಲಿ ಟ್ಯಾಕ್ಸ್ ಕಟ್ಟಬೇಕಲ್ಲ."