ಸ್ಪಷ್ಟನೆ: ಸಹಿಷ್ಣುತೆ ಮತ್ತು ಸಮಾನ ಗೌರವ ಒಂದೇ ಅಲ್ಲ

‘ಎಲ್ಲ ನಂಬಿಕೆಗಳಿಗೂ ಸಮಾನ ಗೌರವ ಸಲ್ಲಬೇಕೆಂದು ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1689ರಲ್ಲೇ ಬರೆದಿದ್ದರು’ ಎಂಬ ಮಾತು ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ಸರಿಯಲ್ಲ. ಬಲವಂತದಿಂದ ಮನಸ್ಸಿನ ನಂಬಿಕೆ ಬದಲಾಗದು, ಆದ್ದರಿಂದ ಆತ್ಮೋದ್ಧಾರ ಸರ್ಕಾರದ ಕೆಲಸವಲ್ಲ ಎಂಬುದು ಅವರ ವಾದ. ದೇವರನ್ನು ಒಪ್ಪದವರ ಆಣೆ ಪ್ರಮಾಣಗಳಿಗೆ ಬೆಲೆಯಿಲ್ಲವೆಂದು ಅಂಥವರನ್ನು ಲಾಕ್ ಸಹಿಷ್ಣುತೆಯಿಂದಲೇ ಹೊರಗಿಟ್ಟರು. ಸಹಿಸುವುದೆಂದರೆ ತನಗೆ ಒಪ್ಪಿಗೆಯಿಲ್ಲದ್ದನ್ನು ತಡೆಯದೆ ಬಿಡುವುದು. ಮಾಂಸ ಬೇಯಿಸುವವರಿಗೆ ಮನೆ ಬಾಡಿಗೆಗೆ ಕೊಟ್ಟು, ‘ಅಡುಗೆಮನೆ ಕಿಟಕಿ ಮುಚ್ಚಿಕೊಳ್ಳಮ್ಮ’ ಎಂದು ದಿನವೂ ಹೇಳುವ ಮಾಲೀಕರು ಸಹಿಷ್ಣುಗಳೇ (ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ). ಆದರೆ ಆ ಕಿಟಕಿಯನ್ನು ತೆರೆದಿಡುವ ಹಕ್ಕು ತಮ್ಮಷ್ಟೇ ಅವರಿಗೂ ಇದೆಯೆಂದು ಒಪ್ಪುವುದು ಸಮಾನ ಗೌರವ. ಸಚಿವರು, ಶಾಸಕರು, ನ್ಯಾಯಾಧೀಶರು ಮುಂತಾದವರ ಪ್ರಮಾಣವಚನದ ಮಾದರಿಗಳಿರುವ ನಮ್ಮ ಸಂವಿಧಾನದ 3ನೇ ಅನುಸೂಚಿಯಲ್ಲಿ ದೇವರ ಹೆಸರಿನ ಪ್ರಮಾಣಕ್ಕೂ ಸತ್ಯನಿಷ್ಠೆಯ ಪ್ರತಿಜ್ಞೆಗೂ ಬೆಲೆ ಒಂದೇ.