ಕಾಲುವೆಯಲ್ಲಿ ನನ್ನ ಪಾಲಿನ ಅರ್ಧ

ಕಳೆದ ಅಕ್ಟೋಬರಿನ ಒಂದು ಶನಿವಾರ ಪಕ್ಕದ ಮನೆಯ ಎಪ್ಪತ್ತು ದಾಟಿದ ಹಿರಿಯರು ಬಾಗಿಲು ತಟ್ಟಿ, ಹಿತ್ತಲಿನ ಹಿಂದಿನ ಕಾಲುವೆಯಲ್ಲಿ ನನ್ನ ಪಾಲಿನ ಅರ್ಧ ಇನ್ನೂ ಸ್ವಚ್ಛವಾಗಿಲ್ಲವೆಂದು ಹೇಳಿ ಹೋದರು. ದನಿಯಲ್ಲಿ ಸಿಟ್ಟಿರಲಿಲ್ಲ, ಆದರೂ ನನಗೆ ಚುರುಕ್ಕೆಂದಿತು. ನೆದರ್‌ಲ್ಯಾಂಡ್ಸ್‌ನ ಲೈಡನ್ ಬಳಿಯ ನಮ್ಮ ಊರಿನಲ್ಲಿ ಕಾಲುವೆಯ ನಡುವಿನವರೆಗೆ ಜೊಂಡು, ಪಾಚಿ ತೆಗೆಯುವುದು ಈ ದಡದ ಮನೆಯವರ ಕೆಲಸ, ಅಲ್ಲಿಂದಾಚೆಗೆ ಆ ದಡದವರದು. ಶರತ್ಕಾಲದಲ್ಲಿ ವಾಟರ್‌ಸ್ಖಾಪ್‌ನವರು ಬಂದು ನೋಡುತ್ತಾರೆ, ಮಾಡದಿದ್ದರೆ ದಂಡ ಬೀಳಬಹುದು. ಆದರೆ ಅವರಿಗಿಂತ ಮೊದಲೇ ನೆರೆಯವರು ನೋಡಿರುತ್ತಾರೆ, ಏಕೆಂದರೆ ನನ್ನ ಹಿತ್ತಲಲ್ಲಿ ಕಟ್ಟಿಕೊಂಡ ನೀರು ನಿಲ್ಲುವುದು ಅವರ ಹಿತ್ತಲಲ್ಲಿ.

ವಾಟರ್‌ಸ್ಖಾಪ್ ಎಂದರೆ ಜಲಮಂಡಳಿ ಎನ್ನಬಹುದು, ಆದರೆ ಬೆಂಗಳೂರಿನವರು ಕೂಡಲೇ ನಲ್ಲಿಯ ಬಿಲ್ಲನ್ನು ನೆನೆಯುವುದು ಬೇಡ. ಕುಡಿಯುವ ನೀರು ಇವರದಲ್ಲ. ದಂಡೆ ಕಾಯುವುದು, ಕಾಲುವೆಗಳ ಮಟ್ಟ ನಿಲ್ಲಿಸುವುದು, ಕೊಳಚೆ ನೀರು ಶುದ್ಧ ಮಾಡುವುದು ಇವರ ಪಾಲಿಗೆ ಬಂದದ್ದು. ದಂಡೆಯಲ್ಲಿ ಬಿಲ ತೋಡುವ ಇಲಿಗಳನ್ನು ಹಿಡಿಯಲು ಸಂಬಳದ ಆಳುಗಳೂ ಇದ್ದಾರೆ. ದೇಶದಲ್ಲಿ ಇಂಥ 21 ಮಂಡಳಿಗಳಿವೆ. ನಮ್ಮ ರೈನ್‌ಲ್ಯಾಂಡ್ ಮಂಡಳಿಯ ಹೆಸರು 1255ರ ಸನ್ನದಿನಲ್ಲೇ ಸಿಗುತ್ತದೆ. ಇವು ತಮ್ಮ ತೆರಿಗೆಯನ್ನು ತಾವೇ ಎತ್ತುತ್ತವೆ, ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಸುತ್ತವೆ. 2023ರ ಮಾರ್ಚ್ 15ರಂದು ಪ್ರಾಂತೀಯ ಚುನಾವಣೆಯೂ ಇದೂ ಒಂದೇ ದಿನ ನಡೆದವು. ಭಾರತದ ಪಾಸ್‌ಪೋರ್ಟಿನ ನನಗೆ ಪ್ರಾಂತ್ಯದ ಮತವಿರಲಿಲ್ಲ, ನೀರಿನ ಮತವಿತ್ತು. ಸಕ್ರಮವಾಗಿ ಈ ನೆಲದಲ್ಲಿ ವಾಸಿಸುವವನು ಇಲ್ಲಿಯ ನೀರಿನ ಪಾಲುದಾರನೂ ಹೌದು ಎಂಬ ಲೆಕ್ಕ.

ಅಂದು ಸಂಜೆ ಕೋಲಾರ ಜಿಲ್ಲೆಯ ನಮ್ಮೂರಿಗೆ ಫೋನು ಮಾಡಿದಾಗ ಚಿಕ್ಕಪ್ಪನಿಗೆ ಇದನ್ನು ಹೇಳಿದೆ. "ನೀರಿಗೂ ಎಲೆಕ್ಷನ್ನಾ?" ಎಂದು ನಕ್ಕರು. ನಮ್ಮ ಕೆರೆಯ ಸುದ್ದಿ ಕೇಳಿದರೆ ಬಂದ ಉತ್ತರ ನನಗೆ ಚಿಕ್ಕಂದಿನಿಂದ ಗೊತ್ತಿರುವುದೇ: "ಕೆರೆ ಸರ್ಕಾರದ್ದಲ್ವೇನಪ್ಪ, ನಾವೇನ್ ಮಾಡಾಕಾಗ್ತದೆ?" ಕೆರೆ ಸರ್ಕಾರದ್ದು, ಕೊಳವೆಬಾವಿ ಮಾತ್ರ ಸ್ವಂತದ್ದು. ಸಾವಿರ ಅಡಿ ದಾಟಿದ ಕೊಳವೆಬಾವಿಯ ಮೋಟಾರು ಒತ್ತಲು ಯಾರೊಡನೆಯೂ ಕೂತು ಮಾತಾಡಬೇಕಿಲ್ಲ, ಹೂಳೆತ್ತಲು ಮನೆಗೊಂದು ಆಳು ಕಳಿಸಬೇಕಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ನೀರು ಬಂತು, ಅದಕ್ಕಾಗಿ ನಾಲ್ಕು ಜನ ಒಟ್ಟಿಗೆ ಕೂರುವ ರೂಢಿ ಬರಲಿಲ್ಲ. ಕೂಡಿ ಬಾಳುವ ಗುಣ ನಮ್ಮವರಿಗಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೋಡಿ ಬಿದ್ದ ದಿನ ಗಂಗಮ್ಮನಿಗೆ ಬಾಗಿನ ಬಿಡಲು ಊರಿಗೆ ಊರೇ ಏರಿಯ ಮೇಲಿರುತ್ತದೆ. ನಮ್ಮಲ್ಲಿ ಇಲ್ಲದಾದದ್ದು ತೂಬಿನ ಮೇಲಿನ ಅಧಿಕಾರ, ಅದರ ಜೊತೆಗೇ ಬರುವ ದಂಡದ ಭಯ.

ಇಲ್ಲಿಯ ಹಳಬರಲ್ಲಿ ಅಧಿಕಾರ, ಹೊಣೆ ಎರಡೂ ಒಂದೇ ಗಂಟಿನಲ್ಲಿದ್ದವು. ದಂಡೆಯಲ್ಲಿ ತನ್ನ ಪಾಲಿನ ತುಂಡನ್ನು ದುರಸ್ತಿ ಮಾಡಲಾಗದ ರೈತ ಅದರಲ್ಲಿ ತನ್ನ ಸಲಿಕೆ ನೆಟ್ಟು ಜಮೀನು ಬಿಟ್ಟು ಹೋಗಬೇಕಿತ್ತು. ಸಲಿಕೆ ಕಿತ್ತವನಿಗೆ ಜಮೀನು ಸೇರುತ್ತಿತ್ತು, ದಂಡೆಯ ಕೆಲಸವೂ ಸೇರುತ್ತಿತ್ತು. ಕ್ರೂರವೇ, ಆದರೆ ಯಾರ ತುಂಡು ಯಾವುದೆಂಬ ಬಗ್ಗೆ ಗೊಂದಲವಿರಲಿಲ್ಲ.

ಹೋಲಿಕೆ ಪೂರ್ತಿ ನ್ಯಾಯದ್ದಲ್ಲವೆಂದು ಒಪ್ಪಲೇಬೇಕು. ಇಲ್ಲಿ ದಂಡೆ ಒಡೆದರೆ ಎಲ್ಲರೂ ಮುಳುಗುತ್ತಾರೆ. 1953ರ ಪ್ರವಾಹದಲ್ಲಿ 1,836 ಜನ ಸತ್ತರು. ನಮ್ಮಲ್ಲಿ ಕೆರೆ ಬತ್ತಿದರೆ ಮೊದಲು ಒಣಗುವುದು ಅಚ್ಚುಕಟ್ಟಿನ ಕೊನೆಯ ಗದ್ದೆ, ತೂಬಿನ ಪಕ್ಕದವನಿಗೆ ಅದು ತಟ್ಟುವುದು ಎಲ್ಲರಿಗಿಂತ ಕೊನೆಗೆ. ಆ ಪ್ರವಾಹದ ಹೊತ್ತಿಗೆ 2,500ಕ್ಕೂ ಹೆಚ್ಚಿದ್ದ ಪುಟ್ಟ ಮಂಡಳಿಗಳನ್ನು ಕೂಡಿಸುತ್ತಾ ಬಂದು ಈಗಿನ 21 ಆಗಿವೆ, ಅಂದರೆ ಇಲ್ಲೂ ಊರವರ ಹಿಡಿತ ಸಡಿಲವಾಗಿದೆ. 2023ರಲ್ಲಿ ಮತ ಹಾಕಿದವರು ಸುಮಾರು ಅರ್ಧದಷ್ಟು ಜನ. ನಾನು ಹಂಬಲಿಸುವ ನಮ್ಮ ಹಳೆಯ ವ್ಯವಸ್ಥೆಯಲ್ಲಿ, ರಾತ್ರಿಯೆಲ್ಲ ತೂಬು ಕಾಯುತ್ತಿದ್ದ ನೀರುಗಂಟಿಗೆ ಕಣದಲ್ಲಿ ಆಯ ಸಿಗುತ್ತಿತ್ತೇ ಹೊರತು, ನಮ್ಮ ಜಗಲಿಯ ಮೇಲೆ ಕೂರುವ ಹಕ್ಕಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ನೆರೆಯವರೇ ಉದ್ದ ಹಿಡಿಯ ಕುಂಟೆಯನ್ನು ಎರವಲು ಕೊಟ್ಟರು. ಎರಡು ಗಂಟೆ ಜೊಂಡು ಎಳೆದು ದಡಕ್ಕೆ ಹಾಕುವಾಗ, ಹತ್ತು ವರ್ಷದ ಹಿಂದೆ ನಮ್ಮ ಹೊಲದ ಬದಿಯಲ್ಲಿ ಕೆರೆಗೆ ಹೋಗುವ ರಾಜಕಾಲುವೆಯನ್ನು ಮೂರಡಿ ಒಳಗೆ ಹಾಕಿಕೊಂಡು ಚಿಕ್ಕಪ್ಪ ಕಲ್ಲುಕಂಬ ನೆಡಿಸಿದ್ದು ನೆನಪಾಯಿತು. ಅಂದು ಅಳತೆಯ ಹಗ್ಗದ ಇನ್ನೊಂದು ತುದಿ ಹಿಡಿದಿದ್ದವನು ನಾನೇ.